ಉಚಿತ ಊಟಕ್ಕೆ ಕರೆದು 25 ವರ್ಷಕ್ಕೆ ಸಹಿ: ಟೈಮ್‌ಶೇರ್ ಮೋಸ ನಡೆಯುವ ಬಗೆ

ಮಾಲ್‌ನ ಎಸ್ಕಲೇಟರ್ ಪಕ್ಕ, ಪೆಟ್ರೋಲ್ ಬಂಕ್‌ನಲ್ಲಿ, ವಸ್ತುಪ್ರದರ್ಶನದ ಗೇಟಿನಲ್ಲಿ ಆ ಪುಟ್ಟ ಮೇಜನ್ನು ನೀವೂ ನೋಡಿರುತ್ತೀರಿ. ಮೇಲೆ ಒಂದು ಪಾರದರ್ಶಕ ಡಬ್ಬ, ಹಿಂದೆ ಹೊಸ ಕಾರಿನ ಪೋಸ್ಟರ್. 'ಒಂದು ಕೂಪನ್ ತುಂಬಿ ಸರ್, ಲಕ್ಕಿ ಡ್ರಾ ಇದೆ' ಅನ್ನುತ್ತಾರೆ. ಕೂಪನ್‌ನಲ್ಲಿ ಹೆಸರು, ಮೊಬೈಲ್ ನಂಬರ್ ಕೇಳುತ್ತಾರೆ. ಆಮೇಲೆ ಮದುವೆ ಆಗಿದೆಯಾ, ವಯಸ್ಸೆಷ್ಟು, ಕಾರು ಇದೆಯಾ, ಕ್ರೆಡಿಟ್ ಕಾರ್ಡ್ ಇದೆಯಾ ಎಂದೂ ಕೇಳುತ್ತಾರೆ. ಲಕ್ಕಿ ಡ್ರಾಗೂ ಕ್ರೆಡಿಟ್ ಕಾರ್ಡಿಗೂ ಏನು ಸಂಬಂಧ ಅಲ್ವಾ? ಅಲ್ಲಿ ಬಹುಮಾನಕ್ಕೆ ಯಾರನ್ನೂ ಆರಿಸುತ್ತಿಲ್ಲ, ಗಿರಾಕಿಯನ್ನು ಆರಿಸುತ್ತಿದ್ದಾರೆ.

ಕೆಲವು ದಿನ ಬಿಟ್ಟು ಫೋನ್ ಬರುತ್ತದೆ. 'ಕಂಗ್ರಾಜುಲೇಷನ್ಸ್ ಸರ್, ನಿಮ್ಮ ಕೂಪನ್ ಸೆಲೆಕ್ಟ್ ಆಗಿದೆ. ಮೂರು ರಾತ್ರಿ ನಾಲ್ಕು ಹಗಲು ಗೋವಾ ಟ್ರಿಪ್ ಫ್ರೀ. ಭಾನುವಾರ ಮೇಡಂ ಜೊತೆ ಹೋಟೆಲ್‌ಗೆ ಬಂದು ಗಿಫ್ಟ್ ವೋಚರ್ ತಗೊಂಡು ಹೋಗಿ, ಊಟಾನೂ ನಮ್ಮದೇ.' ಗಂಡ ಹೆಂಡತಿ ಇಬ್ಬರೂ ಬರಲೇಬೇಕು ಎಂದು ಒತ್ತಿ ಹೇಳುತ್ತಾರೆ. ಅದಕ್ಕೆ ಕಾರಣ ಇದೆ. ಒಬ್ಬರೇ ಹೋದರೆ 'ಮನೆಯಲ್ಲಿ ಕೇಳಿ ಹೇಳ್ತೀನಿ' ಎಂದು ಎದ್ದು ಬರಬಹುದು. ಇಬ್ಬರೂ ಅಲ್ಲೇ ಕೂತಿದ್ದರೆ ಆ ದಾರಿ ಮುಚ್ಚಿಹೋಗುತ್ತದೆ.

ಹೀಗೆ ಹೋದವರಲ್ಲಿ ಎಷ್ಟೋ ಜನ ಎರಡು ಮೂರು ಲಕ್ಷದ ಹಾಲಿಡೇ ಮೆಂಬರ್‌ಶಿಪ್‌ಗೆ, ಅಂದರೆ ಟೈಮ್‌ಶೇರ್‌ಗೆ, ಸಹಿ ಹಾಕಿ ಬರುತ್ತಾರೆ. ಅವರಲ್ಲಿ ಇಂಜಿನಿಯರ್‌ಗಳಿದ್ದಾರೆ, ಬ್ಯಾಂಕಿನಲ್ಲಿ ಕೆಲಸ ಮಾಡಿದವರಿದ್ದಾರೆ, ನಿವೃತ್ತ ಮೇಷ್ಟ್ರುಗಳಿದ್ದಾರೆ. ಹಾಗಾಗಿ 'ದುರಾಸೆಗೆ ಬಿದ್ದರು' ಎಂದು ಅವರನ್ನು ದೂರುವುದು ಸರಿಯಲ್ಲ. ಆ ಹಾಲ್‌ನಲ್ಲಿ ನಡೆಯುವುದು ತುಂಬಾ ಯೋಚಿಸಿ ಕಟ್ಟಿದ ವ್ಯವಸ್ಥೆ. ನಿಮಗೆ ಯೋಚಿಸಲು ಒಂದು ರಾತ್ರಿಯ ಬಿಡುವೂ ಸಿಗಬಾರದು, ಬಾಯಲ್ಲಿ ಹೇಳಿದ್ದನ್ನು ಕಾಗದದ ಜೊತೆ ಹೋಲಿಸಿ ನೋಡಲು ಸಮಯ ಇರಬಾರದು. ಈ ಎರಡರ ಮೇಲೆ ಇಡೀ ವ್ಯವಹಾರ ನಿಂತಿದೆ.

ಟೈಮ್‌ಶೇರ್ ಅಂದರೆ ಏನು

ಟೈಮ್‌ಶೇರ್ ಅನ್ನುವುದೇ ಮೋಸವಲ್ಲ. ಒಂದೇ ಕಾಲುವೆಯ ನೀರನ್ನು ರೈತರು ಸರದಿ ಮೇಲೆ ಬಿಟ್ಟುಕೊಳ್ಳುವ ಹಾಗೆ, ಒಂದೇ ರೆಸಾರ್ಟ್ ಕೋಣೆಯನ್ನು ಹತ್ತಾರು ಕುಟುಂಬಗಳು ವಾರಗಳ ಲೆಕ್ಕದಲ್ಲಿ ಹಂಚಿಕೊಳ್ಳುವುದು ಇದರ ಮೂಲ. ವರ್ಷಕ್ಕೆ 52 ವಾರ. ಪೂರ್ತಿ ಮನೆ ಕೊಳ್ಳಲು ಆಗದವರು ತಮಗೆ ಬೇಕಾದ ಒಂದು ವಾರದ ಪಾಲು ಕೊಂಡರೆ ಸಾಕು. ಯುರೋಪಿನಲ್ಲಿ 1960ರ ದಶಕದಲ್ಲಿ ಇದು ಶುರುವಾಯಿತು. ಸ್ವಿಟ್ಜರ್‌ಲೆಂಡಿನ ಹಾಪಿಮ್ಯಾಗ್ 1963ರಲ್ಲಿ ಆರಂಭವಾದ ಸಂಸ್ಥೆ. ಒಬ್ಬರ ವಾರವನ್ನು ಬೇರೆ ಊರಿನ ಇನ್ನೊಬ್ಬರ ವಾರದ ಜೊತೆ ಅದಲು ಬದಲು ಮಾಡಿಕೊಡುವ ಆರ್‌ಸಿಐ 1974ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ನಮ್ಮಲ್ಲಿ ಸ್ಟರ್ಲಿಂಗ್ 1986ರಲ್ಲಿ, ಕ್ಲಬ್ ಮಹೀಂದ್ರಾ 1996ರಲ್ಲಿ ಬಂದವು. ಇವತ್ತು ದೇಶದಲ್ಲಿ ಲಕ್ಷಗಟ್ಟಲೆ ಜನ ಇಂಥ ಯಾವುದಾದರೂ ಸದಸ್ಯತ್ವ ಇಟ್ಟುಕೊಂಡಿದ್ದಾರೆ. ಪ್ರತಿ ವರ್ಷ ತಪ್ಪದೆ ಬಳಸಿ ಖುಷಿಯಾಗಿರುವವರೂ ಅವರಲ್ಲಿದ್ದಾರೆ.

ಸರಿಯಾದ ಟೈಮ್‌ಶೇರ್‌ನಲ್ಲೂ ಕೆಲವು ಸಂಗತಿಗಳು ಗೊತ್ತಿರಬೇಕು. ಮಾರುವವರು ಇವನ್ನು ಕೆಳದನಿಯಲ್ಲಿ ಹೇಳುತ್ತಾರೆ, ಇಲ್ಲವೇ ಹೇಳುವುದೇ ಇಲ್ಲ.

ಮೊದಲನೆಯದು, ನೀವು ಕೊಳ್ಳುತ್ತಿರುವುದು ಆಸ್ತಿಯಲ್ಲ. ನಮ್ಮ ದೇಶದಲ್ಲಿ ಮಾರುವ ಸದಸ್ಯತ್ವಗಳಲ್ಲಿ ಬಹುಪಾಲು ಬಳಸುವ ಹಕ್ಕು ಮಾತ್ರ ಕೊಡುತ್ತವೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಿಮ್ಮ ಹೆಸರಿಗೆ ಯಾವುದೂ ನೋಂದಣಿ ಆಗುವುದಿಲ್ಲ, ಖಾತೆ ಇಲ್ಲ, ಸೈಟಿನ ಹಾಗೆ ಬೆಲೆ ಏರುವುದೂ ಇಲ್ಲ. 'ಇದು ಇನ್ವೆಸ್ಟ್‌ಮೆಂಟ್ ಸರ್, ಐದು ವರ್ಷ ಬಿಟ್ಟು ಡಬಲ್ ರೇಟಿಗೆ ಮಾರಬಹುದು' ಎಂಬ ಮಾತು ಬಂದರೆ ಅಲ್ಲಿಗೇ ಎದ್ದುಬಿಡಿ. ಬೇಡವಾದ ಸದಸ್ಯತ್ವವನ್ನು ಕೊಟ್ಟ ಬೆಲೆಗೆ ಮಾರಲು ಹೊರಟವರಿಗೆ ಕೊಳ್ಳುವವರು ಸಿಗುವುದೇ ಕಷ್ಟ.

ಎರಡನೆಯದು ಸೀಸನ್. ವರ್ಷದ ವಾರಗಳನ್ನು ಬಣ್ಣದ ಮೇಲೆ ಭಾಗ ಮಾಡಿರುತ್ತಾರೆ. ಸಾಮಾನ್ಯವಾಗಿ ಕೆಂಪು ಅಂದರೆ ಬೇಡಿಕೆ ಜಾಸ್ತಿ ಇರುವ ಕಾಲ, ಬಿಳಿ ಮಧ್ಯಮ, ನೀಲಿ ಕಡಿಮೆ. ಕೆಲವು ಕಂಪನಿಗಳಲ್ಲಿ ಇವಕ್ಕೂ ಮೇಲೆ ನೇರಳೆ ಇದೆ. ಬೆಲೆ ಕಡಿಮೆ ಎಂದು ನಿಮಗೆ ನೀಲಿ ಕೊಟ್ಟರೆ ಏನಾಗುತ್ತದೆ ನೋಡಿ. ಮಕ್ಕಳ ರಜೆ ಬರುವುದು ದಸರೆಗೆ, ಕ್ರಿಸ್ಮಸ್ ಹೊತ್ತಿಗೆ, ಏಪ್ರಿಲ್ ಮೇನಲ್ಲಿ. ಆ ವಾರಗಳಲ್ಲಿ ನಿಮಗೆ ಹಕ್ಕೇ ಇರುವುದಿಲ್ಲ. ಸಿಗುವುದು ಜುಲೈ ತಿಂಗಳ ಮಡಿಕೇರಿ. ಮಳೆ ಇಷ್ಟಪಡುವವರಿಗೆ ಅದು ಸೊಗಸೇ. ಆದರೆ ಶಾಲೆಗೆ ಹೋಗುವ ಮಕ್ಕಳಿರುವ ಮನೆಯವರು ಅದನ್ನು ಬಳಸುವುದು ಹೇಗೆ?

ಮೂರನೆಯದು, ಹಕ್ಕು ಇದ್ದ ಮಾತ್ರಕ್ಕೆ ರೂಮು ಇರಬೇಕೆಂದಿಲ್ಲ. ಒಪ್ಪಂದದಲ್ಲಿ 'ಲಭ್ಯತೆಗೆ ಒಳಪಟ್ಟು' ಎಂಬ ಪದ ಹುಡುಕಿ, ಇದ್ದೇ ಇರುತ್ತದೆ. ಡಿಸೆಂಬರ್ ಕೊನೆಯ ವಾರಕ್ಕೆ ಎಷ್ಟೋ ತಿಂಗಳು ಮುಂಚೆ ಬುಕಿಂಗ್ ತೆರೆಯುತ್ತದೆ, ತೆರೆದ ಕೂಡಲೇ ತುಂಬುತ್ತದೆ. ಆಮೇಲೆ ಕೇಳಿದರೆ ಅದೇ ಉತ್ತರ: 'ಆ ದಿನಕ್ಕೆ ಅವೈಲಬಲ್ ಇಲ್ಲ ಸರ್, ಬೇರೆ ಡೇಟ್ ಹೇಳಿ.' ವಿದೇಶದ ಎಕ್ಸ್‌ಚೇಂಜ್ ಬಗ್ಗೆ ಹೇಳುವಾಗಲೂ ಅದಕ್ಕೆ ಬೇರೆ ಸದಸ್ಯತ್ವ ಶುಲ್ಕ, ಪ್ರತಿ ಸಲ ಬೇರೆ ಎಕ್ಸ್‌ಚೇಂಜ್ ಶುಲ್ಕ ಇರುತ್ತದೆ ಎಂಬುದು ಕೊನೆಗೆ ಗೊತ್ತಾಗುತ್ತದೆ.

ನಾಲ್ಕನೆಯದು ಎಎಂಸಿ, ಅಂದರೆ ವರ್ಷದ ನಿರ್ವಹಣಾ ಶುಲ್ಕ. ನೀವು ಹೋದರೂ ಸರಿ, ಹೋಗದಿದ್ದರೂ ಸರಿ, ಅನೇಕ ಒಪ್ಪಂದಗಳಲ್ಲಿ ಇದನ್ನು ಕಟ್ಟಲೇಬೇಕು. ಬಾಕಿ ಇದ್ದರೆ ಬುಕಿಂಗ್ ಕೊಡುವುದಿಲ್ಲ. ಇದು ವರ್ಷ ವರ್ಷ ಏರುತ್ತದೆ.

ಅವರ ಲೆಕ್ಕ, ನಮ್ಮ ಲೆಕ್ಕ

ಹಾಲ್‌ನಲ್ಲಿ ಒಂದು ಲೆಕ್ಕ ಬರೆದು ತೋರಿಸುತ್ತಾರೆ. ವರ್ಷಕ್ಕೆ ಒಂದು ಟ್ರಿಪ್‌ಗೆ ಎಷ್ಟು ಖರ್ಚು ಮಾಡ್ತೀರಿ? 40 ಸಾವಿರ. 25 ವರ್ಷಕ್ಕೆ 10 ಲಕ್ಷ. ಬೆಲೆ ಏರಿಕೆ ಸೇರಿಸಿದರೆ 25 ಲಕ್ಷ ದಾಟುತ್ತದೆ. ನಾವು ಕೇಳ್ತಿರೋದು ಬರೀ 3 ಲಕ್ಷ! ಕಾಗದದ ಮೇಲೆ ದೊಡ್ಡದಾಗಿ ಗೋಲ ಸುತ್ತುತ್ತಾರೆ. ನೋಡಿದರೆ ಬೇಡ ಅನ್ನುವವರೇ ದಡ್ಡರು ಅನ್ನಿಸುತ್ತದೆ.

ಈಗ ಅದೇ ಲೆಕ್ಕವನ್ನು ಮನೆಯಲ್ಲಿ ಕೂತು ಮಾಡೋಣ. ಅರ್ಥ ಆಗಲಿ ಎಂದು ನಾನೇ ಇಟ್ಟುಕೊಂಡ ಅಂಕಿಗಳು ಇವು, ನಿಮ್ಮ ಮುಂದೆ ಬಂದ ಅಂಕಿಗಳನ್ನು ಇಲ್ಲಿ ಹಾಕಿ ನೋಡಿ.

ಸದಸ್ಯತ್ವ 3 ಲಕ್ಷ, ಅದರ ಮೇಲೆ ಶೇ 18 ಜಿಎಸ್‌ಟಿ 54 ಸಾವಿರ. ಒಟ್ಟು 3,54,000 ರೂಪಾಯಿ ಮೊದಲೇ ಹೋಯಿತು. ಎಎಂಸಿ ವರ್ಷಕ್ಕೆ 15 ಸಾವಿರ ಅಂದುಕೊಳ್ಳಿ. ಜಿಎಸ್‌ಟಿ ಸೇರಿ 17,700. ಅದು ವರ್ಷಕ್ಕೆ ಶೇ 6ರಂತೆ ಏರಿದರೆ 25 ವರ್ಷದಲ್ಲಿ ನೀವು ಕಟ್ಟುವ ಎಎಂಸಿ ಮಾತ್ರವೇ ಸುಮಾರು 9 ಲಕ್ಷ 70 ಸಾವಿರ. ಸದಸ್ಯತ್ವಕ್ಕಿಂತ ಎರಡೂವರೆ ಪಟ್ಟಿಗೂ ಜಾಸ್ತಿ. ಆ ದೊಡ್ಡ ಗೋಲದೊಳಗೆ ಈ ಅಂಕಿ ಇರಲಿಲ್ಲ.

ಇನ್ನೂ ಒಂದಿದೆ. 3,54,000 ರೂಪಾಯಿಯನ್ನು ಶೇ 7ರ ಎಫ್‌ಡಿಯಲ್ಲಿ ಇಟ್ಟಿದ್ದರೆ ವರ್ಷಕ್ಕೆ 24,780 ರೂಪಾಯಿ ಬಡ್ಡಿ ಬರುತ್ತಿತ್ತು, ಅಸಲು ನಿಮ್ಮ ಹತ್ತಿರವೇ ಇರುತ್ತಿತ್ತು. ಕೈತಪ್ಪಿದ ಆ ಬಡ್ಡಿಗೆ ಎಎಂಸಿ ಸೇರಿಸಿದರೆ ಮೊದಲ ವರ್ಷದ ನಿಜವಾದ ಖರ್ಚು 42,480. ಆರು ರಾತ್ರಿಗೆ ಭಾಗಿಸಿದರೆ ರಾತ್ರಿಗೆ 7,080 ರೂಪಾಯಿ. ಊಟ ತಿಂಡಿ ಬೇರೆ, ಪ್ರಯಾಣ ಬೇರೆ. ಒಂದು ವರ್ಷ ಹೋಗಲು ಆಗದಿದ್ದರೆ, ಆ ವಾರವನ್ನು ಮುಂದಕ್ಕೆ ಒಯ್ಯಲೂ ಬಿಡದಿದ್ದರೆ, ಆ ವರ್ಷದ ದುಡ್ಡು ಪೂರ್ತಿ ನೀರುಪಾಲು. ಇಎಂಐನಲ್ಲಿ ತಗೊಂಡರೆ ಅದರ ಬಡ್ಡಿಯೂ ಮೇಲೆ ಬೀಳುತ್ತದೆ.

ಈ ಲೆಕ್ಕ ಹಾಕಿದ ಮೇಲೂ ಕೆಲವರಿಗೆ ಟೈಮ್‌ಶೇರ್ ಸರಿ ಎನಿಸಬಹುದು. ದೊಡ್ಡ ಕುಟುಂಬ, ವರ್ಷಕ್ಕೊಮ್ಮೆ ಖಂಡಿತ ಹೋಗುವ ಅಭ್ಯಾಸ, ಆರು ತಿಂಗಳು ಮುಂಚೆಯೇ ರಜೆ ಗೊತ್ತು ಮಾಡಿಕೊಳ್ಳುವ ಕೆಲಸ ಇದ್ದವರು ಯೋಚಿಸಲಿ, ತಪ್ಪಿಲ್ಲ. ಆದರೆ ಈ ಲೆಕ್ಕಕ್ಕೆ ಒಂದು ಸಂಜೆಯಾದರೂ ಬೇಕು, ಆ ಹಾಲ್‌ನಲ್ಲಿ ಅದನ್ನು ಕೊಡುವುದಿಲ್ಲ.

ಹಾಲ್‌ನ ಒಳಗೆ

ಒಂದು ಗಂಟೆ ಎಂದದ್ದು ಮೂರು ನಾಲ್ಕು ಗಂಟೆ ಆಗುತ್ತದೆ. ಮಕ್ಕಳನ್ನು ಆಟದ ಮೂಲೆಗೆ ಕಳಿಸುತ್ತಾರೆ. ಜೋರಾಗಿ ಹಾಡು. ಪಕ್ಕದ ಮೇಜಿನ ಮಾತು ನಿಮಗೆ ಕೇಳಿಸದಷ್ಟು ಗಲಾಟೆ. ಆಗಾಗ ಗಂಟೆ ಬಾರಿಸಿ 'ವೆಲ್‌ಕಮ್ ಟು ದ ಫ್ಯಾಮಿಲಿ' ಎಂದು ಯಾರಿಗೋ ಚಪ್ಪಾಳೆ ಹೊಡೆಸುತ್ತಾರೆ. ಎಲ್ಲರೂ ತಗೊಳ್ತಿದ್ದಾರೆ, ನಾವೇ ಹಿಂದೆ ಬಿದ್ದೆವು ಎನ್ನಿಸಲು ಇಷ್ಟು ಸಾಕು.

ನಿಮ್ಮ ಮೇಜಿಗೆ ಬರುವ ಹುಡುಗ ಅಥವಾ ಹುಡುಗಿ ಮೊದಲು ವ್ಯಾಪಾರದ ಮಾತನ್ನೇ ಎತ್ತುವುದಿಲ್ಲ. ಊರು ಯಾವುದು, ಮಕ್ಕಳು ಏನು ಓದುತ್ತಿದ್ದಾರೆ, ಕೊನೆಯ ಸಲ ಎಲ್ಲಿಗೆ ಹೋಗಿದ್ದಿರಿ ಎಂದು ಕೇಳುತ್ತಾರೆ. 'ಮಕ್ಕಳ ಜೊತೆ ಸಮಯ ಕಳೆಯೋದು ಮುಖ್ಯ ಅಲ್ವಾ ಮೇಡಂ?' ಹೌದು ಎನ್ನುತ್ತೀರಿ. ಆ 'ಹೌದು'ಗಳನ್ನೆಲ್ಲ ಕೂಡಿಸಿಟ್ಟುಕೊಂಡು ಕೊನೆಗೆ ನಿಮ್ಮ ಮುಂದೆಯೇ ಇಡುತ್ತಾರೆ. ಬೇಡ ಎಂದರೆ ನೀವು ಹೇಳಿದ್ದಕ್ಕೆ ನೀವೇ ತಪ್ಪಿದ ಹಾಗೆ ಆಗುತ್ತದೆ.

ಬೆಲೆ ಹೇಳುವಾಗ 6 ಲಕ್ಷದಿಂದ ಶುರು ಮಾಡುತ್ತಾರೆ. ನೀವು ಹಿಂಜರಿದ ಕೂಡಲೇ ಮ್ಯಾನೇಜರ್ ಬರುತ್ತಾರೆ. 4 ಲಕ್ಷ ಆಗುತ್ತದೆ. ಇನ್ನೊಬ್ಬರು ಬರುತ್ತಾರೆ. 'ಇವತ್ತು ಒಬ್ಬರು ಮೆಂಬರ್ ಕ್ಯಾನ್ಸಲ್ ಮಾಡಿದ್ದಾರೆ, ಅವರ ರೇಟಿನಲ್ಲೇ ನಿಮಗೆ ಕೊಡ್ತೀವಿ. ಆದರೆ ಇವತ್ತೇ ಆಗಬೇಕು.' ಈ 'ಇವತ್ತೇ' ಅನ್ನುವುದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಇವತ್ತು 3 ಲಕ್ಷಕ್ಕೆ ಕೊಡಲು ಸಿದ್ಧವಿರುವ ಕಂಪನಿ ನಾಳೆಯೂ ಅದೇ ಬೆಲೆಗೆ ಕೊಟ್ಟೀತು. ನಾಳೆ ಬದಲಾಗುವುದು ನೀವು ಮಾತ್ರ: ನಿದ್ದೆ ಮಾಡಿ ಎದ್ದಿರುತ್ತೀರಿ, ಅಣ್ಣನಿಗೋ ಮಗಳಿಗೋ ಫೋನ್ ಮಾಡಿರುತ್ತೀರಿ.

ಕೊನೆಯ ಉಪಾಯ ಟೋಕನ್. 'ಬರೀ 10 ಸಾವಿರ ಸ್ವೈಪ್ ಮಾಡಿ, ಆಫರ್ ಬ್ಲಾಕ್ ಆಗುತ್ತೆ, ಬೇಡ ಅಂದ್ರೆ ವಾಪಸ್.' ಆ 10 ಸಾವಿರದ ಜೊತೆ ಸಹಿ ಮಾಡಿಸಿದ ಕಾಗದ ಪೂರ್ತಿ ಮೊತ್ತದ ಅರ್ಜಿ ಆಗಿರುತ್ತದೆ. ಕಾರ್ಡ್ ಮಿತಿ ಎಷ್ಟಿದೆ ಎಂದು ಕೇಳಿ ಅಷ್ಟನ್ನೂ ಉಜ್ಜಿಸಿದವರ ಕತೆಗಳಿವೆ.

ಹೋಗಲೇಬೇಕು ಅನ್ನಿಸಿದರೆ ಕಾರ್ಡ್ ಮನೆಯಲ್ಲೇ ಬಿಟ್ಟು ಹೋಗಿ. ಫೋನ್‌ನಲ್ಲಿ ಯುಪಿಐ ಇದೆಯಲ್ಲ ಅಂತ ಅವರು ಹೇಳಬಹುದು, ಹಾಗಾಗಿ 'ಇವತ್ತು ಒಂದು ರೂಪಾಯಿಯೂ ಕೊಡುವುದಿಲ್ಲ' ಎಂದು ಗಂಡ ಹೆಂಡತಿ ಇಬ್ಬರೂ ಮನೆಯಿಂದ ಹೊರಡುವಾಗಲೇ ಮಾತಾಡಿಕೊಂಡಿರಿ. ಒಪ್ಪಂದದ ಪ್ರತಿಯನ್ನು ಮನೆಗೆ ಒಯ್ದು ಓದುತ್ತೇನೆ ಎಂದು ಕೇಳಿ. ಕೊಡುವುದಿಲ್ಲ ಎಂದರೆ ನಿಮಗೆ ಬೇಕಾದ ಉತ್ತರ ಸಿಕ್ಕ ಹಾಗೆ.

ಒಂದು ಪರೀಕ್ಷೆ ನನಗೆ ತುಂಬಾ ಉಪಯುಕ್ತ ಅನ್ನಿಸುತ್ತದೆ. ಬಾಯಲ್ಲಿ ಹೇಳಿದ ಭರವಸೆಯನ್ನು ಒಪ್ಪಂದದ ಮೇಲೆಯೇ ಕೈಬರಹದಲ್ಲಿ ಬರೆದು, ಸಹಿ ಸೀಲು ಹಾಕಿಕೊಡಿ ಎಂದು ಕೇಳಿ. 'ಎಎಂಸಿ ಯಾವತ್ತೂ ಏರುವುದಿಲ್ಲ', 'ಡಿಸೆಂಬರ್‌ನಲ್ಲಿ ರೂಮು ಖಂಡಿತ', 'ಬೇಡ ಅಂದ್ರೆ ಪೂರ್ತಿ ಹಣ ವಾಪಸ್'. ಯಾವುದನ್ನು ಬರೆಯಲು ಹಿಂಜರಿಯುತ್ತಾರೋ ಅದು ಸುಳ್ಳು ಎಂದೇ ತಿಳಿಯಿರಿ. ಇಂಥ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: ಇದರಲ್ಲಿ ಬರೆದಿಲ್ಲದ ಯಾವ ಬಾಯಿಮಾತಿಗೂ ಕಂಪನಿ ಹೊಣೆಯಲ್ಲ. ನೀವು ಸಹಿ ಮಾಡಿದ ಮೇಲೆ ಮೂರು ಗಂಟೆ ಕೇಳಿದ್ದಕ್ಕಿಂತ ಆ ಒಂದು ಸಾಲಿಗೇ ತೂಕ ಜಾಸ್ತಿ.

ರೆಸಾರ್ಟೇ ಇಲ್ಲದ ಕ್ಲಬ್‌ಗಳು

ಇಲ್ಲಿಯವರೆಗೆ ಹೇಳಿದ್ದು ಒತ್ತಡದ ಮಾರಾಟ. ಇನ್ನೊಂದು ಬಗೆ ನೇರವಾದ ವಂಚನೆ. ಹೆಸರಿನಲ್ಲಿ 'ವೆಕೇಶನ್', 'ಹಾಲಿಡೇಸ್', 'ಕ್ಲಬ್' ಇರುತ್ತದೆ, ಸ್ವಂತದ ಒಂದು ಕೋಣೆಯೂ ಇರುವುದಿಲ್ಲ. ಬಾಡಿಗೆ ಕಚೇರಿ, ಬಾಡಿಗೆ ಹಾಲ್, ದೊಡ್ಡ ಹೋಟೆಲ್‌ಗಳ ಚಿತ್ರ ಇರುವ ಬ್ರೋಷರ್. ಒಂದೆರಡು ವರ್ಷ ಹಣ ಎತ್ತುತ್ತಾರೆ. ಬುಕಿಂಗ್ ಕೇಳುವವರು ಜಾಸ್ತಿ ಆದಾಗ ಫೋನ್ ಎತ್ತುವುದು ನಿಲ್ಲುತ್ತದೆ, ಕಚೇರಿಗೆ ಬೀಗ ಬೀಳುತ್ತದೆ, ಬೇರೆ ಹೆಸರಿನಲ್ಲಿ ಬೇರೆ ಊರಿನಲ್ಲಿ ಮತ್ತೆ ಶುರು.

ಇವರನ್ನು ಪತ್ತೆ ಹಚ್ಚಲು ಅರ್ಧ ಗಂಟೆ ಸಾಕು. ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟ್‌ನಲ್ಲಿ ಕಂಪನಿಯ ಹೆಸರು ಹಾಕಿದರೆ ಅದು ಯಾವಾಗ ನೋಂದಣಿ ಆಯಿತು, ಬಂಡವಾಳ ಎಷ್ಟು ಎಂಬುದು ಕಾಣುತ್ತದೆ. '20 ವರ್ಷದಿಂದ ಇದ್ದೀವಿ' ಎಂದವರ ಕಂಪನಿಗೆ ಎಂಟು ತಿಂಗಳಾಗಿದ್ದರೆ ಮುಂದೆ ಮಾತೇ ಬೇಡ. ರಸೀತಿಯಲ್ಲಿ ಇರುವ ಜಿಎಸ್‌ಟಿ ನಂಬರನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ನೋಡಿ, ಬ್ರೋಷರ್‌ನ ಹೆಸರೇ ಬರುತ್ತದಾ ಅಥವಾ ಬೇರೆ ಯಾವುದೋ ಹೆಸರು ಬರುತ್ತದಾ ಎಂದು. ಎಲ್ಲಕ್ಕಿಂತ ಸುಲಭವಾದದ್ದು, ಬ್ರೋಷರ್‌ನಲ್ಲಿರುವ ರೆಸಾರ್ಟಿಗೇ ಫೋನ್ ಮಾಡುವುದು. ನಂಬರನ್ನು ಬ್ರೋಷರ್‌ನಿಂದ ತಗೊಳ್ಳಬೇಡಿ, ರೆಸಾರ್ಟಿನ ಸ್ವಂತ ವೆಬ್‌ಸೈಟ್‌ನಿಂದ ತಗೊಳ್ಳಿ. 'ಇಂಥ ಕ್ಲಬ್ಬಿನ ಸದಸ್ಯರಿಗೆ ನಿಮ್ಮಲ್ಲಿ ರೂಮು ಕೊಡ್ತೀರಾ?' ಎಂದು ಕೇಳಿ.

ಉಚಿತ ಗೋವಾ ಟ್ರಿಪ್‌ನ ವೋಚರ್ ಕೂಡ ಒಮ್ಮೆ ತಿರುಗಿಸಿ ಓದಿ. ಪ್ರಯಾಣ ನಿಮ್ಮದು, ಶನಿವಾರ ಭಾನುವಾರ ಇಲ್ಲ, ಹಬ್ಬದ ದಿನ ಇಲ್ಲ, 45 ದಿನ ಮುಂಚೆ ಹೇಳಬೇಕು, 'ಯುಟಿಲಿಟಿ ಚಾರ್ಜ್' ಮುಂಗಡ ಕಟ್ಟಬೇಕು. ಇಂಥ ಷರತ್ತುಗಳಲ್ಲಿ ಸುತ್ತಿ ಸುತ್ತಿ ಕೊನೆಗೆ ಅವಧಿ ಮುಗಿಯುತ್ತದೆ. ಕೊಡುವ ಉದ್ದೇಶ ಇಲ್ಲದೆ ಉಡುಗೊರೆಯ ಆಸೆ ತೋರಿಸುವುದು ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ.

ರಜೆಯ ಹೆಸರಿನಲ್ಲಿ ಹೂಡಿಕೆ ಎತ್ತುವುದು ಇನ್ನೂ ದೊಡ್ಡ ಅಪಾಯ. ಮುಂಬೈ ಮೂಲದ ಪ್ಯಾನ್‌ಕಾರ್ಡ್ ಕ್ಲಬ್ಸ್ ಪ್ರಕರಣ ಇದಕ್ಕೆ ದೊಡ್ಡ ಸಾಕ್ಷಿ. ಆದಾಯ ತೆರಿಗೆಯ ಪ್ಯಾನ್ ಕಾರ್ಡಿಗೂ ಇದಕ್ಕೂ ಸಂಬಂಧ ಇಲ್ಲ. ಹೋಟೆಲ್ ರೂಮಿನ ರಾತ್ರಿಗಳನ್ನು ಮುಂಗಡವಾಗಿ ಮಾರುತ್ತಿದ್ದರು. ಬಳಸದಿದ್ದರೆ ಅವಧಿ ಮುಗಿದ ಮೇಲೆ ಕಟ್ಟಿದ್ದಕ್ಕಿಂತ ಜಾಸ್ತಿ ಹಣ ವಾಪಸ್ ಎಂಬ ಆಮಿಷ. ಅಂದಮೇಲೆ ಅದು ರಜೆಯೂ ಅಲ್ಲ, ರೂಮೂ ಅಲ್ಲ, ಅನುಮತಿ ಇಲ್ಲದೆ ಎತ್ತಿದ ಹೂಡಿಕೆ ಎಂದು ಹೂಡಿಕೆ ಮಾರುಕಟ್ಟೆಯ ನಿಯಂತ್ರಕ ಸೆಬಿ 2014ರಲ್ಲಿ ತಡೆಯಿತು, 2016ರಲ್ಲಿ ಹಣ ಮರಳಿಸಲು ಆದೇಶಿಸಿತು. ಆ ಹೊತ್ತಿಗೆ 50 ಲಕ್ಷಕ್ಕೂ ಹೆಚ್ಚು ಜನರಿಂದ 7,000 ಕೋಟಿ ರೂಪಾಯಿಗೂ ಹೆಚ್ಚು ಸಂಗ್ರಹವಾಗಿತ್ತು. ರಜೆ ಸ್ಕೀಮಿನಲ್ಲಿ 'ಬಳಸದಿದ್ದರೆ ಬಡ್ಡಿ ಸಮೇತ ವಾಪಸ್' ಎಂಬ ಮಾತು ಕೇಳಿದರೆ ಈ ಅಂಕಿ ನೆನಪಿರಲಿ.

ಸಹಿ ಹಾಕಿ ಆಗಿದೆ, ಈಗೇನು?

ಯುರೋಪಿಯನ್ ಒಕ್ಕೂಟದಲ್ಲಿ ಟೈಮ್‌ಶೇರ್‌ಗೆಂದೇ 2008ರ ನಿರ್ದೇಶನ ಇದೆ. ಸಹಿ ಮಾಡಿದ 14 ದಿನದೊಳಗೆ ಕಾರಣ ಕೊಡದೆ ಹಿಂದೆ ಸರಿಯಬಹುದು. ಆ ಅವಧಿಯಲ್ಲಿ ಕಂಪನಿ ಮುಂಗಡ ಹಣವನ್ನೇ ತಗೊಳ್ಳುವ ಹಾಗಿಲ್ಲ. ಅಮೆರಿಕದಲ್ಲಿ ರಾಜ್ಯಕ್ಕೊಂದು ಲೆಕ್ಕ: ಫ್ಲಾರಿಡಾದಲ್ಲಿ 10 ದಿನ, ಕ್ಯಾಲಿಫೋರ್ನಿಯಾದಲ್ಲಿ 7, ನೆವಾಡಾದಲ್ಲಿ 5. ಭಾರತದಲ್ಲಿ ಟೈಮ್‌ಶೇರ್‌ಗೆ ಪ್ರತ್ಯೇಕ ಕಾನೂನು ಇಲ್ಲ. ಇದು ದೊಡ್ಡ ಕೊರತೆ, ಬೇಗ ಸರಿಯಾಗಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಸದ್ಯಕ್ಕೆ ನಿಮ್ಮ ಒಪ್ಪಂದದಲ್ಲೇ ರದ್ದತಿಯ ಅವಧಿ ಬರೆದಿದೆಯಾ ನೋಡಿ. ಕೆಲವು ಕಂಪನಿಗಳು 10 ದಿನ ಕೊಡುತ್ತವೆ. ದಿನ ಎಣಿಸುವುದು ಸಹಿಯಿಂದಲೋ, ಹಣ ಕಟ್ಟಿದ ದಿನದಿಂದಲೋ ಎಂಬುದನ್ನೂ ಓದಿ.

ಅವಧಿ ಇದ್ದರೆ ಅದೇ ರಾತ್ರಿ ಇಮೇಲ್ ಕಳಿಸಿ. ಒಪ್ಪಂದದ ನಂಬರ್, ಕಟ್ಟಿದ ಹಣ, ದಿನಾಂಕ, 'ಈ ಸದಸ್ಯತ್ವ ರದ್ದು ಮಾಡಿ ಪೂರ್ತಿ ಹಣ ಮರಳಿಸಿ' ಎಂಬ ನೇರ ಮಾತು. ಮರುದಿನ ಅದನ್ನೇ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀತಿ ಇಟ್ಟುಕೊಳ್ಳಿ. ಫೋನ್‌ನಲ್ಲಿ ಮಾತ್ರ ಹೇಳಬೇಡಿ. 'ಆಯ್ತು ಸರ್, ಪ್ರೋಸೆಸ್ ಆಗ್ತಿದೆ' ಎಂದು ಹೇಳುತ್ತಲೇ ಆ ಹತ್ತು ದಿನ ದಾಟಿಸಿಬಿಡುತ್ತಾರೆ. ಅವಧಿ ಇಲ್ಲದಿದ್ದರೂ, ಮುಗಿದಿದ್ದರೂ ಬರೆಯಿರಿ. ಆಗ ಅವರು ಬಾಯಲ್ಲಿ ಹೇಳಿದ್ದ ಭರವಸೆಗಳನ್ನು ಒಂದೊಂದಾಗಿ ನಮೂದಿಸಿ: ಯಾರು, ಯಾವ ದಿನ, ಏನು ಹೇಳಿದರು, ಕಾಗದದಲ್ಲಿ ಏನಿದೆ. ಕೂಪನ್, ಬ್ರೋಷರ್, ಲೆಕ್ಕ ಬರೆದು ತೋರಿಸಿದ ಹಾಳೆ, ವಾಟ್ಸಾಪ್ ಮೆಸೇಜು, ಬುಕಿಂಗ್ ಸಿಗದ ಇಮೇಲ್‌ಗಳು ಎಲ್ಲವನ್ನೂ ಜೋಪಾನ ಮಾಡಿ. ಸುಳ್ಳು ಹೇಳಿ ಪಡೆದ ಒಪ್ಪಿಗೆ ಮುಕ್ತ ಒಪ್ಪಿಗೆಯಲ್ಲ ಎಂಬುದು 1872ರ ಕರಾರು ಕಾಯ್ದೆಯಿಂದಲೂ ಇರುವ ತತ್ವ. ಆದರೆ ಸುಳ್ಳು ಹೇಳಿದ್ದನ್ನು ತೋರಿಸಲು ಇವೇ ಆಧಾರ.

ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ್ದರೆ ಬ್ಯಾಂಕಿಗೂ ಕೂಡಲೇ ಡಿಸ್ಪ್ಯೂಟ್, ಅಂದರೆ ಆ ಪಾವತಿಯ ಮೇಲೆ ತಕರಾರು, ಬರೆದುಕೊಡಿ. ನೀವೇ ಒಟಿಪಿ ಕೊಟ್ಟಿರುವುದರಿಂದ ಇದು ಕಾರ್ಡ್ ಕಳ್ಳತನದ ದೂರು ಆಗುವುದಿಲ್ಲ. ಹೇಳಿದ ಸೇವೆ ಕೊಟ್ಟಿಲ್ಲ, ರದ್ದು ಮಾಡಿದರೂ ಹಣ ಮರಳಿಸಿಲ್ಲ ಎಂಬ ಕಾರಣ ಕೊಡಬೇಕು. ಫೈನಾನ್ಸ್ ಕಂಪನಿಯಿಂದ ಸಾಲ ಮಾಡಿಸಿದ್ದರೆ ಅವರಿಗೂ ಬರೆಯಿರಿ. ಇಲ್ಲಿ ಒಂದು ಎಚ್ಚರಿಕೆ ಬೇಕು. ಸದಸ್ಯತ್ವ ಬೇಡ ಎಂದು ಸಿಟ್ಟಿನಲ್ಲಿ ಇಎಂಐ ನಿಲ್ಲಿಸಿದರೆ ಪೆಟ್ಟು ಬೀಳುವುದು ನಿಮ್ಮ ಸಿಬಿಲ್ ಸ್ಕೋರಿಗೆ. ಸಾಲ ಕೊಟ್ಟವರ ಮತ್ತು ನಿಮ್ಮ ನಡುವಿನ ಕಾಗದವೇ ಬೇರೆ.

ಮುಂದಿನ ಹೆಜ್ಜೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ಮಾತಾಡಬಹುದು. ಕಂಪನಿ ಇನ್ನೂ ಬಾಗಿಲು ತೆರೆದಿದ್ದರೆ ಎಷ್ಟೋ ದೂರುಗಳು ಇಲ್ಲೇ ಒಂದು ಮಟ್ಟಕ್ಕೆ ಬರುತ್ತವೆ. ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂದ ಮೇಲೆ ನೀವು ವಾಸ ಮಾಡುವ ಊರಿನಲ್ಲೇ ದೂರು ಕೊಡಬಹುದು. ಕಂಪನಿ ಹೈದರಾಬಾದಿನಲ್ಲಿದ್ದರೂ ಶಿವಮೊಗ್ಗದವರು ಶಿವಮೊಗ್ಗದಲ್ಲೇ ಕೇಸು ಹಾಕಬಹುದು. ಕಟ್ಟಿದ ಹಣ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗವೇ ನೋಡುತ್ತದೆ. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ವಕೀಲರು ಇರಲೇಬೇಕು ಎಂದಿಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಆನ್‌ಲೈನ್ ಆಗಿಯೂ ಸಲ್ಲಿಸಬಹುದು. ದೂರಿಗೆ ಕಾರಣವಾದ ಘಟನೆಯಿಂದ ಎರಡು ವರ್ಷದೊಳಗೆ ಹೋಗಬೇಕು, ಅದನ್ನು ಮಾತ್ರ ಮರೆಯಬೇಡಿ. ಒಪ್ಪಂದದ ಷರತ್ತುಗಳೇ ಅನ್ಯಾಯದವು ಎಂದು ವಾದಿಸುವುದಾದರೆ ಅದಕ್ಕೆ ರಾಜ್ಯ ಆಯೋಗಕ್ಕೆ ಹೋಗಬೇಕು.

'ನಮ್ಮ ಒಪ್ಪಂದದಲ್ಲಿ ಆರ್ಬಿಟ್ರೇಷನ್ ಇದೆ, ಗ್ರಾಹಕ ಆಯೋಗಕ್ಕೆ ಹೋಗೋ ಹಾಗಿಲ್ಲ' ಎಂದು ಕಂಪನಿಯವರು ಹೆದರಿಸಬಹುದು. ವಿವಾದವನ್ನು ಖಾಸಗಿ ಮಧ್ಯಸ್ಥಗಾರರೇ ತೀರ್ಮಾನಿಸಬೇಕು ಎಂಬ ಆ ಷರತ್ತು ಇದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಎಮ್ಮಾರ್ ಎಂಜಿಎಫ್ ಪ್ರಕರಣದಲ್ಲಿ 2018ರಲ್ಲೇ ಹೇಳಿದೆ. ಕಂಪನಿಯೇ ಬೋಗಸ್ ಆಗಿದ್ದರೆ, ಕಚೇರಿ ಖಾಲಿ ಮಾಡಿ ಹೋಗಿದ್ದರೆ ಪೊಲೀಸ್ ದೂರು ಬೇಕು. ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ವಂಚನೆಗೆ ಸಂಬಂಧಿಸಿದ್ದು. ನಿಮ್ಮ ಹಾಗೆ ಮೋಸಹೋದ ಹತ್ತು ಜನ ಒಟ್ಟಿಗೆ ಠಾಣೆಗೆ ಹೋದರೆ 'ಇದು ಸಿವಿಲ್ ವಿಷಯ' ಎಂದು ವಾಪಸ್ ಕಳಿಸುವುದು ಅಷ್ಟು ಸುಲಭವಲ್ಲ.

ಎರಡನೇ ಸಲದ ಮೋಸ

ನನಗೆ ಜಾಸ್ತಿ ಸಂಕಟ ಆಗುವುದು ಇದನ್ನು ಕಂಡಾಗ. ಒಮ್ಮೆ ಕಳೆದುಕೊಂಡವರನ್ನೇ ಹುಡುಕಿಕೊಂಡು ಮತ್ತೆ ಫೋನ್ ಬರುತ್ತದೆ. ಸದಸ್ಯತ್ವದ ನಂಬರ್, ಕಟ್ಟಿದ ಹಣ, ಬಾಕಿ ಎಲ್ಲ ಅವರ ಬಾಯಲ್ಲೇ ಇರುತ್ತದೆ. ಆ ಪಟ್ಟಿ ಎಲ್ಲಿಂದಲೋ ಸೋರಿರುತ್ತದೆ. 'ನಿಮ್ಮ ಮೆಂಬರ್‌ಶಿಪ್‌ಗೆ ಪಾರ್ಟಿ ರೆಡಿ ಇದೆ, 6 ಲಕ್ಷ ಕೊಡ್ತಾರೆ. ಟ್ರಾನ್ಸ್‌ಫರ್ ಚಾರ್ಜು 35 ಸಾವಿರ ನೀವು ಕಟ್ಟಬೇಕು, ಆಮೇಲೆ ಸೇರಿಸಿ ಕೊಡ್ತೀವಿ.' ಕಟ್ಟಿದ ಮೇಲೆ ಜಿಎಸ್‌ಟಿ ಎನ್ನುತ್ತಾರೆ, ಅದಾದ ಮೇಲೆ ಟಿಡಿಎಸ್, ಎನ್‌ಒಸಿ, ರಿಸರ್ವ್ ಬ್ಯಾಂಕ್ ಕ್ಲಿಯರೆನ್ಸ್. ಪ್ರತಿ ಸಲವೂ ಇದೇ ಕೊನೆಯದು. ಕೆಲವರು ತಮ್ಮನ್ನು ಗ್ರಾಹಕ ನ್ಯಾಯಾಲಯದ ಅಧಿಕಾರಿ ಎಂದೇ ಹೇಳಿಕೊಳ್ಳುತ್ತಾರೆ. ಯಾವ ಆಯೋಗವೂ ಫೋನ್ ಮಾಡಿ ಹಣ ವಾಪಸ್ ಕೊಡಿಸಲು ಹಣ ಕೇಳುವುದಿಲ್ಲ. ಮಾರುವವನು ಮುಂಗಡ ಕೊಡುವ ವ್ಯಾಪಾರ ಎಲ್ಲೂ ಇಲ್ಲ, ದುಡ್ಡು ಕೊಳ್ಳುವವನಿಂದ ಬರಬೇಕು.

ಅಮೆರಿಕದಲ್ಲಿ ಇರುವ ಕನ್ನಡಿಗರಿಗೂ ಇದು ದೂರದ ವಿಷಯವಲ್ಲ. ಒರ್ಲ್ಯಾಂಡೊ, ಲಾಸ್ ವೇಗಸ್ ಪ್ರವಾಸದಲ್ಲಿ ಪಾರ್ಕ್ ಟಿಕೆಟ್‌ಗೆ ರಿಯಾಯಿತಿ ಕೊಡುತ್ತೇವೆಂದು ಪ್ರೆಸೆಂಟೇಶನ್‌ಗೆ ಕರೆಯುವುದು ಅಲ್ಲಿ ಹಳೆಯ ರೂಢಿ. ಮೆಕ್ಸಿಕೊದಲ್ಲಿ ಟೈಮ್‌ಶೇರ್ ಇಟ್ಟುಕೊಂಡ ಅಮೆರಿಕನ್ನರಿಗೆ ಬರುವ ಮರುಮಾರಾಟದ ಫೋನ್‌ಗಳ ಹಿಂದೆ ಹಲಿಸ್ಕೊ ಹೆಸರಿನ ಮಾದಕವಸ್ತು ಜಾಲವೇ ಇದೆ ಎಂದು ಅಮೆರಿಕದ ಖಜಾನೆ ಇಲಾಖೆ ಹಲವರ ಮೇಲೆ ನಿರ್ಬಂಧ ಹೇರಿದೆ. 2019ರಿಂದ 2023ರವರೆಗೆ ಮೆಕ್ಸಿಕೊ ಟೈಮ್‌ಶೇರ್ ವಂಚನೆಗಳಲ್ಲಿ ಸುಮಾರು 6,000 ಜನ ಹೆಚ್ಚೂಕಡಿಮೆ 30 ಕೋಟಿ ಡಾಲರ್ ಕಳೆದುಕೊಂಡ ದೂರುಗಳು ಅಮೆರಿಕದಲ್ಲಿ ದಾಖಲಾಗಿವೆ. ಅವರಲ್ಲಿ ವಯಸ್ಸಾದವರೇ ಮುಖ್ಯ ಗುರಿ. ನಮ್ಮಲ್ಲೂ ಹಾಗೆಯೇ. ನಿವೃತ್ತಿಯ ಹಣ ಕೈಯಲ್ಲಿರುವ ಅಪ್ಪ ಅಮ್ಮನಿಗೆ ಇಂಥ ಫೋನ್ ಬಂದಾಗ ಸಂಕೋಚವಿಲ್ಲದೆ ನಿಮಗೆ ಹೇಳುವ ಹಾಗಿರಬೇಕು. ಬೈಯುತ್ತಾರೆ ಎಂಬ ಭಯಕ್ಕೇ ಎಷ್ಟೋ ಹಿರಿಯರು ಎರಡನೇ ಸಲದ ನಷ್ಟವನ್ನು ಮುಚ್ಚಿಡುತ್ತಾರೆ. ಹಣ ಈಗಷ್ಟೇ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಬೇಕು. ತಡವಾದಷ್ಟೂ ಆ ಹಣ ಖಾತೆಯಿಂದ ಖಾತೆಗೆ ದಾಟಿಹೋಗುತ್ತದೆ.

ಇರುವ ಸದಸ್ಯತ್ವದಿಂದ ಹೊರಗೆ ಬರಬೇಕಾದರೆ ಮಧ್ಯವರ್ತಿ ಬೇಡ. ಕಂಪನಿಗೇ ಬರೆದು, ಒಪ್ಪಂದದ ಪ್ರಕಾರ ಸರೆಂಡರ್ ಮಾಡಿದರೆ ಎಷ್ಟು ವಾಪಸ್ ಬರುತ್ತದೆ, ಎಎಂಸಿ ಬಾಕಿ ಎಷ್ಟು ಎಂದು ಲಿಖಿತವಾಗಿ ಕೇಳಿ. ವಾಪಸ್ ಬರುವುದು ಕಡಿಮೆಯೇ ಇರಬಹುದು. ಆದರೂ ಮುಂದಿನ 20 ವರ್ಷದ ಎಎಂಸಿ ತಪ್ಪುತ್ತದೆ ಎಂಬುದನ್ನು ಲೆಕ್ಕಕ್ಕೆ ಸೇರಿಸಿ ನೋಡಿ. ಸದಸ್ಯತ್ವ ಮುಗಿದಿದೆ, ಯಾವ ಬಾಕಿಯೂ ಇಲ್ಲ ಎಂಬ ಪತ್ರ ಕಂಪನಿಯ ಲೆಟರ್‌ಹೆಡ್‌ನಲ್ಲಿ ತಗೊಳ್ಳಿ. ಆ ಪತ್ರ ಬಂದ ಮೇಲೆ ಬ್ಯಾಂಕಿಗೆ ಹೋಗಿ, ತಾನಾಗಿ ಹಣ ಕಡಿತ ಮಾಡಲು ನೀವು ಕೊಟ್ಟಿದ್ದ ನ್ಯಾಚ್ ಅನುಮತಿಯನ್ನು ರದ್ದು ಮಾಡಿಸಿ. ಮುಂದಿನ ಎರಡು ತಿಂಗಳ ಸ್ಟೇಟ್‌ಮೆಂಟ್‌ನಲ್ಲಿ ಆ ಹೆಸರಿನ ಕಡಿತ ಇಲ್ಲ ಎಂದು ಖಚಿತ ಮಾಡಿಕೊಳ್ಳಿ.